ಕತ್ತಿಗೆ ನೀರು ಕುಡಿಸುವುದು

ಕನ್ನಡದಲ್ಲಿ 'ಹದ' ಎಂಬ ಮಾತಿಗೆ ಇರುವಷ್ಟು ಕೆಲಸ ಇನ್ನಾವ ಎರಡಕ್ಷರದ ಮಾತಿಗೂ ಇದ್ದಂತೆ ಕಾಣೆವು. ಹೊಲಕ್ಕೆ ಹದಮಳೆ ಬೇಕು. ಮೈಸೂರುಪಾಕಿಗೆ ಪಾಕದ ಹದ ಬೇಕು. ಚರ್ಮವನ್ನು ಹದ ಮಾಡುತ್ತಾರೆ. ತುಂಟ ಹುಡುಗನನ್ನು ಹದಕ್ಕೆ ತರುತ್ತೇನೆಂದು ಬೆತ್ತ ಹಿಡಿಯುವ ಮೇಷ್ಟರೂ ಒಂದು ಕಾಲಕ್ಕೆ ಇದ್ದರು. ಆದರೆ ಈ ಮಾತು ತೀರ ಕಟ್ಟುನಿಟ್ಟಾಗುವುದು ಕಮ್ಮಾರನ ಕುಲುಮೆಯಲ್ಲಿ. ಅಲ್ಲಿ ಹದ ತಪ್ಪಿದರೆ ಇನ್ನಷ್ಟು ತುಪ್ಪ ಸುರಿದು ಮರ್ಯಾದೆ ಉಳಿಸಿಕೊಳ್ಳುವಂತಿಲ್ಲ.

ಮನೆಯ ಕತ್ತಿ, ಈಳಿಗೆಮಣೆಗಳಿಗೆ ಸಾಣೆ ಹಿಡಿಯುವ ಬಗೆಯನ್ನು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವಷ್ಟೆ. "ಎಷ್ಟು ಸಾಣೆ ಹಿಡಿದರೂ ಎರಡೇ ದಿನಕ್ಕೆ ಮೊಂಡಾಗುತ್ತದಲ್ಲ, ಅದಕ್ಕೇನು ಮದ್ದು?" ಎಂದು ವಾಚಕರೊಬ್ಬರು ಕೇಳಿದ್ದಾರೆ. ಆ ರೋಗಕ್ಕೆ ಸಾಣೆಯಲ್ಲಿ ಮದ್ದಿಲ್ಲ. ಬೆಂಕಿಯಲ್ಲಿ ಮತ್ತು ನೀರಿನಲ್ಲಿ ಇದೆ. ಈ ಸಲ ಅದನ್ನೇ ಹೇಳಹೊರಟಿದ್ದೇವೆ. ಕತ್ತಿಯೆಂದರೆ ಇಲ್ಲಿ ಕೈಯಲ್ಲಿ ಬಡಿದ, ತುಕ್ಕು ಹಿಡಿಯುವ ಜಾತಿಯ, ಇಂಗಾಲದ ಉಕ್ಕಿನ ಕತ್ತಿ ಎಂದು ತಿಳಿಯಬೇಕು. ಅಂಗಡಿಯ ಹೊಳೆಯುವ ಸ್ಟೇನ್‌ಲೆಸ್ ಚಾಕುವಿನಲ್ಲಿ ಕ್ರೋಮಿಯಮ್ ಸೇರಿರುತ್ತದೆ. ಅದರ ಹದದ ಲೆಕ್ಕವೇ ಬೇರೆ, ಬೀದಿಯ ಕುಲುಮೆಗೆ ಅದು ಒಗ್ಗುವುದಿಲ್ಲ.

ಮೆತುಕಬ್ಬಿಣಕ್ಕೂ ಉಕ್ಕಿಗೂ ಇರುವ ವ್ಯತ್ಯಾಸವೆಲ್ಲ ಒಂದು ಚಿಟಿಕೆ ಇದ್ದಿಲಿನದು. ನೂರು ಭಾಗ ಲೋಹದಲ್ಲಿ ಇಂಗಾಲವು ಕಾಲು ಭಾಗಕ್ಕೂ ಕಡಿಮೆಯಿದ್ದರೆ ಅದು ಕಿಟಕಿಯ ಸರಳಿಗೆ, ಮೊಳೆಗೆ ಸಾಕು. ಎಷ್ಟೇ ಕಾಸಿ ನೀರಿಗದ್ದಿದರೂ ಕತ್ತಿಗೆ ಬೇಕಾದಷ್ಟು ಗಡಸಾಗದು. ಅರ್ಧ ಭಾಗ ದಾಟಿದರೆ ಲಾರಿಯ ಸ್ಪ್ರಿಂಗ್ ಪಟ್ಟಿ. ಮುಕ್ಕಾಲರಿಂದ ಒಂದು ಭಾಗದವರೆಗೆ ಕತ್ತಿಗೆ ಹೇಳಿಮಾಡಿಸಿದ್ದು. ಅದಕ್ಕೂ ಮೇಲೆ ಹೋದರೆ ಅರ, ಎಂದರೆ ಕಬ್ಬಿಣ ಉಜ್ಜುವ ಫೈಲು. (ನಮ್ಮ ಕಛೇರಿಯ ಫೈಲಿಗೆ ಯಾವ ಗಡಸೂ ಇಲ್ಲ, ಆದರೂ ಅದು ಮನುಷ್ಯರನ್ನು ಸವೆಸಬಲ್ಲದು.) ಊರಿನಿಂದ ಬಂದ ನೆಂಟರನ್ನೆಲ್ಲ ನಾವು ಕುತುಬ್ ಮಿನಾರಿನ ಪಕ್ಕದ ಲೋಹಸ್ತಂಭದ ಮುಂದೆ ನಿಲ್ಲಿಸಿ ಫೋಟೋ ತೆಗೆಸುತ್ತೇವೆ. ಆರು ಟನ್ನಿಗೂ ಮಿಕ್ಕ ತೂಕ, ಸುಮಾರು ೧೬೦೦ ವರ್ಷದ ಬಾಳು, ಆದರೂ ತುಕ್ಕು ತಿಂದಿಲ್ಲವೆಂದು ಹೊಗಳುತ್ತೇವೆ. ಹೊಗಳಿಕೆ ಸರಿಯೇ, ಆದರೆ ಅದರಲ್ಲಿ ಇಂಗಾಲ ತೀರ ಕಡಿಮೆ. ಅಷ್ಟು ದೊಡ್ಡ ಕಂಬದಿಂದ ಸೌತೆಕಾಯಿ ಹೆಚ್ಚುವ ಒಂದು ಒಳ್ಳೆಯ ಚಾಕು ಹುಟ್ಟುವುದು ಕಷ್ಟ.

ಇದರ ಇನ್ನೊಂದು ತುದಿಯಲ್ಲಿ ನಮ್ಮ ಸೀಮೆಯ ಹಳೆಯ ಮೂಸೆಯ ಉಕ್ಕು ನಿಲ್ಲುತ್ತದೆ. ೧೮೦೦–೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಪುಟ್ಟ ಮೂಸೆಗಳಲ್ಲಿ ಇಲ್ಲಿನವರು ಉಕ್ಕು ಕಾಯಿಸುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ಯೂರೋಪಿನವರು ಇದನ್ನು 'ವೂಟ್ಸ್' ಎಂದರು. ಜಾರ್ಜ್ ಪಿಯರ್ಸನ್ ಎಂಬುವನು ೧೭೯೫ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ಇದರ ಪರೀಕ್ಷೆಯನ್ನು ಒಪ್ಪಿಸಿದ್ದ. ಆ ಹೆಸರು ನಮ್ಮ 'ಉಕ್ಕು' ಎಂಬ ಮಾತಿನ ಅಪಭ್ರಂಶವೆಂದು ವಿದ್ವಾಂಸರಲ್ಲಿ ಬಹುಮಂದಿಯ ಮತ. ಇದರಲ್ಲಿ ಇಂಗಾಲ ಒಂದೂವರೆ ಭಾಗದ ಆಸುಪಾಸು. ಅಲ್ಲಿನ ಕಮ್ಮಾರರು ತಮ್ಮ ರೂಢಿಯಂತೆ ಬೆಳ್ಳಗೆ ಕಾಸಿ ಬಡಿದರೆ ಸುತ್ತಿಗೆಯ ಕೆಳಗೆ ಅದು ಪುಡಿಯಾಗುತ್ತಿತ್ತು. ಕಡಿಮೆ ಕಾವಿನಲ್ಲಿ, ತಾಳ್ಮೆಯಿಂದ ಬಡಿಯಬೇಕಾದ ಉಕ್ಕು ಅದು. ಅಂದರೆ ಒಳ್ಳೆಯ ಉಕ್ಕು ಕೈಯಲ್ಲಿದ್ದರೆ ಸಾಲದು, ಅದರ ಕಾವು ತಿಳಿದಿರಬೇಕು.

ಇಷ್ಟು ಪೀಠಿಕೆ ಸಾಕು. ನಮ್ಮ ಮೇಲಿನ ಮನೆಯಲ್ಲಿ ಶಿರಸಿಯ ಕಡೆಯ ಅಜ್ಜಿಯೊಬ್ಬರಿದ್ದಾರೆ. ೧೯೬೪ರಲ್ಲಿ ಮದುವೆಯಾಗಿ ದೆಹಲಿಗೆ ಬರುವಾಗ ತವರಿನಿಂದ ಒಂದು ಮೆಟ್ಟುಗತ್ತಿಯನ್ನು ತಂದಿದ್ದರು. ಊರಿನ ಆಚಾರಿ ಬಡಿದು ಕೊಟ್ಟದ್ದು. ಬೆನ್ನು ದಪ್ಪ, ಬಾಯಿ ತೆಳು, ಹಂಸದ ಕೊರಳಿನಂತೆ ಬಾಗಿದ ಅಲಗು, ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಹೋದ ವರ್ಷ ಮನೆಯವರು ಅದನ್ನು ಬೀದಿಯಲ್ಲಿ ಬಂದ ಸಾಣೆಯವನೊಬ್ಬನ ಕೈಗೆ ಕೊಟ್ಟರು. ಅವನದು ಮೋಟಾರಿನ ಚಕ್ರ. ಒತ್ತಿ ಹಿಡಿದ, ಕಿಡಿ ಹಾರಿತು, ಮಕ್ಕಳಿಗೆ ದೀಪಾವಳಿಯಾಯಿತು. ಅಲಗಿನ ಅಂಚಿನುದ್ದಕ್ಕೂ ನವಿಲುಗರಿಯ ಹಾಗೆ ನೀಲಿ ಬಣ್ಣ ಓಡಿತು. ಚೆಂದವಾಗಿದೆಯೆಂದು ಎಲ್ಲರೂ ಮೆಚ್ಚಿದರು. ಅಂದಿನಿಂದ ಕತ್ತಿಯ ಪ್ರಾಣ ಹೋಯಿತು. ಸುವರ್ಣಗೆಡ್ಡೆ ಹೆಚ್ಚಿದರೆ ಗೆಡ್ಡೆಯ ಬದಲು ಅಂಚೇ ಮಡಚಿಕೊಳ್ಳುವುದು! ಮಗ ಹೊಸದೊಂದು ಸ್ಟೇನ್‌ಲೆಸ್ ಈಳಿಗೆ ತರಿಸಿಕೊಟ್ಟ. ಅಜ್ಜಿ ಅದನ್ನು ಸುತ್ತಿದ ಕಾಗದ ಸಹಿತ ಕಪಾಟಿನಲ್ಲಿಟ್ಟರು.

ಆ ನೀಲಿಯೇನೆಂಬುದು ತಿಳಿಯಬೇಕಾದರೆ ಉಕ್ಕು ಗಡಸಾಗುವುದು ಹೇಗೆಂದು ಮೊದಲು ತಿಳಿಯಬೇಕು. ಉಕ್ಕನ್ನು ೭೨೭ ಡಿಗ್ರಿ ಸೆಂಟಿಗ್ರೇಡಿನ ಮೇಲೆ ಕಾಸಿದರೆ ಕಬ್ಬಿಣದ ಕಣಗಳು ತಮ್ಮ ಸಾಲು ಬದಲಿಸಿ ಬೇರೊಂದು ರೀತಿಯಲ್ಲಿ ಕೂರುತ್ತವೆ. ಆ ಹೊಸ ಸಾಲಿನಲ್ಲಿ ಇಂಗಾಲಕ್ಕೆ ಸ್ಥಳ ಹೆಚ್ಚು. ಹಾಲಿನಲ್ಲಿ ಸಕ್ಕರೆಯಂತೆ ಅದು ಕರಗಿಕೊಳ್ಳುತ್ತದೆ. ನಿಧಾನವಾಗಿ ಆರಿಸಿದರೆ ಇಂಗಾಲ ಮೆಲ್ಲನೆ ಹೊರಬಂದು ತನ್ನ ಪಾಡಿಗೆ ಗುಂಪು ಕಟ್ಟಿಕೊಳ್ಳುತ್ತದೆ, ಉಕ್ಕು ಮೆತ್ತಗಾಗುತ್ತದೆ. ಥಟ್ಟನೆ ನೀರಿಗದ್ದಿದರೆ ಹೊರಬರಲು ಅದಕ್ಕೆ ವ್ಯವಧಾನವೆಲ್ಲಿ? ಬಾಗಿಲು ಮುಚ್ಚಿದ ಬಸ್ಸಿನಲ್ಲಿ ಸಿಕ್ಕಿಬಿದ್ದವರಂತೆ ಒಳಗೇ ಉಳಿದು ಎಲ್ಲವನ್ನೂ ಬಿಗಿಯುತ್ತದೆ. ಈ ಬಿಗಿದ ಸ್ಥಿತಿಗೆ ಆಡೊಲ್ಫ್ ಮಾರ್ಟೆನ್ಸ್ ಎಂಬ ಜರ್ಮನ್ ವಿಜ್ಞಾನಿಯ ಹೆಸರಿನಿಂದ ಮಾರ್ಟೆನ್ಸೈಟ್ ಎನ್ನುತ್ತಾರೆ. ಗಾಜಿನಂಥ ಗಡಸು; ಗಾಜಿನಂತೆಯೇ ಕೈತಪ್ಪಿ ಬಿದ್ದರೆ ಚೂರು. ಆದ್ದರಿಂದ ಇನ್ನೊಮ್ಮೆ ಸ್ವಲ್ಪವೇ ಕಾಸಿ ಬಿಗುವನ್ನು ಸಡಿಲಿಸಬೇಕು. ಇದೇ ಹದ ಇಳಿಸುವುದು. ಇಲ್ಲಿ ಬಣ್ಣಗಳೇ ಮಾಪಕ. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕು ಕಾವೇರಿದಂತೆಲ್ಲ ಮೇಲೆ ತೆಳ್ಳನೆಯ ಪೊರೆ ಕಟ್ಟಿ ಬಣ್ಣ ತೋರುತ್ತದೆ: ೨೧೦ ಡಿಗ್ರಿಯ ಹೊತ್ತಿಗೆ ತಿಳಿಹುಲ್ಲಿನ ಹಳದಿ, ೨೩೦ರಲ್ಲಿ ಒಣಹುಲ್ಲಿನ ಬಣ್ಣ, ೨೫೫ರಲ್ಲಿ ಕಂದು, ೨೮೦ರಲ್ಲಿ ನೇರಳೆ, ೩೦೦ರಲ್ಲಿ ನೀಲಿ. ಅಡುಗೆಯ ಕತ್ತಿಗೆ ಹಳದಿಯಲ್ಲಿ ನಿಲ್ಲಿಸಬೇಕು. ನೀಲಿ ಬಂದರೆ ಅದು ಸ್ಪ್ರಿಂಗಿಗೆ ಸರಿ, ಕತ್ತಿಯ ಬಾಯಿಗಲ್ಲ. ಅಜ್ಜಿಯ ಮೆಟ್ಟುಗತ್ತಿಗೆ ಆದದ್ದು ಇದೇ. ಚಕ್ರದ ಘರ್ಷಣೆಯೇ ಬೆಂಕಿಯಾಗಿ ಹದವನ್ನು ಪೂರಾ ಇಳಿಸಿಬಿಟ್ಟಿತ್ತು.

ಹೀಗೆ ಹದ ಕಳೆದುಕೊಂಡ ಕತ್ತಿ ಸತ್ತಂತೆಯೇ ಎಂದು ಬಹುಮಂದಿ ಗುಜರಿಗೆ ಹಾಕುತ್ತಾರೆ. ಅದು ಸಲ್ಲದು. ಉಕ್ಕಿನಲ್ಲಿ ಇಂಗಾಲ ಇದ್ದೇ ಇದೆ. ಮತ್ತೆ ಕಾಸಿ, ಮತ್ತೆ ಅದ್ದಿ, ಮತ್ತೆ ಇಳಿಸಿದರೆ ಪ್ರಾಣ ಬರುತ್ತದೆ. ಆದರೆ ಅಪಾಯವೊಂದಿದೆ. ಗಡಸಾಗುವಾಗ ಉಕ್ಕು ಒಂದಿಷ್ಟು ಹಿಗ್ಗುತ್ತದೆ; ತೆಳುವಾದ ಬಾಯಿ ಮೊದಲು, ದಪ್ಪ ಬೆನ್ನು ಆಮೇಲೆ. ಈ ಜಗ್ಗಾಟದಲ್ಲಿ ಅಲಗು ಬಾಗಬಹುದು. 'ಟಿಣ್' ಎಂಬ ಸಣ್ಣ ಸದ್ದಿನೊಡನೆ ಸೀಳಿಯೂ ಬಿಡಬಹುದು. ಸೀಳಿದ್ದಕ್ಕೆ ಮದ್ದಿಲ್ಲ. ಇದನ್ನು ಅಜ್ಜಿಗೆ ಮುಚ್ಚುಮರೆಯಿಲ್ಲದೆ ಹೇಳಿದೆವು. "ಮೂಲೆಯಲ್ಲಿ ಮೊಂಡಾಗಿ ಕೂತಿರುವುದಕ್ಕಿಂತ ಮುರಿದರೆ ಮುರಿಯಲಿ, ತಗೊಂಡು ಹೋಗಿ" ಎಂದರು. ಹೇಳಿದರೇ ಹೊರತು ಹಲಗೆಯಿಂದ ಅಲಗನ್ನು ಕೀಳುವಾಗ ಅವರು ಒಳಗೆ ಹೋದದ್ದನ್ನು ನಾವು ಗಮನಿಸಿದೆವು.

ದೆಹಲಿಯಲ್ಲಿರುವವರಿಗೆ ಗಾಡಿಯಾ ಲೋಹಾರರ ಪರಿಚಯ ಹೇಳಬೇಕಾಗಿಲ್ಲ. ಬೇರೆ ಊರಿನ ವಾಚಕರಿಗಾಗಿ ನಾಲ್ಕು ಮಾತು. ರಸ್ತೆಯ ಅಂಚಿನಲ್ಲೇ ಬಿಡಾರ, ಬಿಡಾರದ ಮುಂದೆಯೇ ನೆಲದಲ್ಲಿ ಕುಲುಮೆ. ೧೫೬೮ರಲ್ಲಿ ಚಿತ್ತೋಡಗಢ ಅಕ್ಬರನ ವಶವಾದಾಗ ಊರು ಬಿಟ್ಟವರ ವಂಶ ತಮ್ಮದೆಂದೂ, ಕೋಟೆ ಮರಳಿ ಬರುವ ತನಕ ಸೂರಿನಡಿ ನೆಲಸುವುದಿಲ್ಲವೆಂದು ಹಿರಿಯರು ಶಪಥ ಮಾಡಿದ್ದರೆಂದೂ ಅವರಲ್ಲಿ ಹೇಳಿಕೆ. ೧೯೫೫ರಲ್ಲಿ ಪ್ರಧಾನಿ ನೆಹರೂ ಅವರೇ ಮುಂದೆ ನಿಂತು ಇವರನ್ನು ಚಿತ್ತೋಡಿನ ಕೋಟೆಯೊಳಕ್ಕೆ ಕರೆದೊಯ್ದು ಶಪಥ ಬಿಡಿಸಿದ್ದುಂಟು. ಶಪಥ ಬಿಟ್ಟಿತು, ಬೀದಿ ಬಿಡಲಿಲ್ಲ. ಗಂಡಸು ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು ತಿರುಗಿಸುತ್ತಾನೆ. ದೊಡ್ಡ ಸುತ್ತಿಗೆ ಎತ್ತಿ ಬಡಿಯುವುದು ಹೆಂಗಸು. ಮೊದಲ ಸಲ ನೋಡಿದವರು ನಿಂತು ನೋಡುತ್ತಾರೆ. ಚಿಮಟ, ತವೆ, ಉಳಿ, ಕೊಡಲಿ, ಚಾಕು. ಗುಜರಿಯ ಲಾರಿ ಸ್ಪ್ರಿಂಗಿನಿಂದ ಏನು ಬೇಕಾದರೂ ಆಗುತ್ತದೆ. ರಸ್ತೆ ಅಗಲವಾದಾಗ, ಸುಂದರವಾದಾಗ ಮೊದಲು ಏಳಬೇಕಾದವರು ಇವರೇ. ನಗರಕ್ಕೆ ಇಂಥವರು ಬೇಡವಾದರೆ ಕತ್ತಿಯ ಹದ ಕೇಳಲು ನಾವು ಯಾವ ಕಛೇರಿಗೆ ಅರ್ಜಿ ಹಾಕಬೇಕೋ ತಿಳಿಯದು.

ನಾವು ಹೋದದ್ದು ಜನವರಿಯ ಒಂದು ಭಾನುವಾರ ಬೆಳಿಗ್ಗೆ. ಲೋಹಾರ ಮೆಟ್ಟುಗತ್ತಿಯನ್ನು ತಿರುಗಿಸಿ ನೋಡಿದ. ಇಂಥ ಬಾಗಿನ ಆಯುಧ ಅವನಿಗೆ ಹೊಸದು. ಯಾವ ದೇಶದ್ದೆಂದು ಕೇಳಿ, ಅಲಗಿನ ಒಂದು ಮೂಲೆಯನ್ನು ಕೈಚಕ್ರಕ್ಕೆ ಮುಟ್ಟಿಸಿದ. ಮೆತುಕಬ್ಬಿಣದ ಕಿಡಿ ನೆಟ್ಟಗೆ ಉದ್ದಕ್ಕೆ ಹಾರುತ್ತದೆ. ಇಂಗಾಲ ಹೆಚ್ಚಿದ್ದರೆ ಸುರುಸುರುಬತ್ತಿಯಂತೆ ಗಿಡ್ಡಗೆ ಒಡೆದು ಹೂವಾಗುತ್ತದೆ. ಹೂವಾಯಿತು. "ಪಾನೀ ಲೇಗಾ" ಎಂದ. ನೀರು ಕುಡಿಯುತ್ತದೆ ಎಂದರ್ಥ. ಉತ್ತರದವರ ಈ ಮಾತು ನಮಗೆ ಬಹು ಇಷ್ಟ. ಸಂಸ್ಕೃತದಲ್ಲಿಯೂ ಇದಕ್ಕೆ 'ಪಾಯನ', ಕುಡಿಸುವುದು, ಎಂದೇ ಹೆಸರು. ಕೆಲಸಕ್ಕೆ ಮಾತ್ರ ಸಂಜೆ ಬರಬೇಕೆಂದ. ಬಿಸಿಲಿನಲ್ಲಿ ಉಕ್ಕಿನ ಕೆಂಪು ಸುಳ್ಳು ಹೇಳುತ್ತದೆಯಂತೆ. ಇದು ಅಕ್ಷರಶಃ ನಿಜ. ನೆರಳಿನಲ್ಲಿ ಕಣ್ಣು ಕುಕ್ಕುವ ಕೆಂಪು ಬಿಸಿಲಿನಲ್ಲಿ ಬೂದಿಯಂತೆ ತೋರುವುದರಿಂದ, ಹಗಲು ಕೆಲಸ ಮಾಡುವವನು ತಿಳಿಯದೆ ಹೆಚ್ಚು ಕಾಸುತ್ತಾನೆ. ಹೆಚ್ಚು ಕಾದ ಉಕ್ಕಿನ ಒಳಗಿನ ಹರಳು ದಪ್ಪವಾಗುತ್ತದೆ. ಮುರಿದು ನೋಡಿದರೆ ಸಕ್ಕರೆಯ ಹಾಗೆ ಮಿನುಗುತ್ತದೆ. ಒಳ್ಳೆಯದು ಬೂದುಬಣ್ಣದ ರೇಷ್ಮೆಯ ಹಾಗಿರುತ್ತದೆ.

ಸಂಜೆ ಮೊದಲು ಅವನು ಅಲಗನ್ನು ಕೆಂಪಗೆ ಕಾಸಿ ಗಾಳಿಯಲ್ಲಿ ಆರಬಿಟ್ಟ. ಹೀಗೆ ಎರಡು ಸಲ. ಹಳೆಯ ಬಿಗುವು, ಸಾಣೆಯ ಗಾಯ ಎರಡೂ ಹೋಗಿ ಹರಳು ಸಣ್ಣದಾಗಲು ಇದು ಅವಶ್ಯ. ಅವಸರದವರು ಬಿಡುವುದು ಇದನ್ನೇ. ಮೂರನೆಯ ಸಲ ಇದ್ದಿಲ ನಡುವೆ ಅಲಗನ್ನು ಹೂತು, ಗಾಳಿಯನ್ನು ಮೆಲ್ಲಗೆ ಬಿಡುತ್ತ, ಹಿಂದೆ ಮುಂದೆ ಎಳೆಯುತ್ತ ಇದ್ದ. ತುದಿ ತೆಳುವಾದ್ದರಿಂದ ಮೊದಲು ಕಾದು ಸುಟ್ಟುಹೋಗಬಾರದು. ನಾವು ಹಳೆಯ ರೇಡಿಯೋದ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಜೊತೆಗೊಯ್ದಿದ್ದೆವು. ೭೭೦ ಡಿಗ್ರಿ ದಾಟಿದರೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದಕ್ಕಿಂತ ತುಸು ಮೇಲೇ ಅದ್ದುವ ಕಾವು. ಅವನು ನಕ್ಕ. "ಅಬ್" ಎಂದಾಗಲೆಲ್ಲ ನಾವು ತಂತಿ ಚಾಚಿದೆವು. ಮೂರು ಸಲವೂ ಅಂಟಲಿಲ್ಲ. ಅವನು "ಇನ್ನೂ ಇಲ್ಲ" ಎಂದಾಗ ಅಂಟಿತು. ಬಿ.ಎ. ಓದಿ ಪಡೆದ ಜ್ಞಾನಕ್ಕೆ ಅಯಸ್ಕಾಂತ ಬೇಕಾಯಿತು. ಅವನಿಗೆ ಕಣ್ಣು ಸಾಕಾಯಿತು.

ಅದ್ದುವ ಮುನ್ನ ಮಾಡಿದ್ದೊಂದು ನಮ್ಮ ಮನಸ್ಸಿನಲ್ಲಿ ನಿಂತಿದೆ. ಮಣ್ಣಿನ ಬಾನಿಯಲ್ಲಿ ನೀರಿತ್ತು. ಜನವರಿಯ ದೆಹಲಿ, ಬೆರಳಿಟ್ಟರೆ ಕೊರೆಯುವ ನೀರು. ಒಂದು ಗುಜರಿ ಕಬ್ಬಿಣವನ್ನು ಕೆಂಪಗೆ ಕಾಸಿ ಅದರಲ್ಲಿ ಅದ್ದಿ, ನೀರಿನ ಚಳಿ ಬಿಡಿಸಿದ. ತಣ್ಣನೆಯ ನೀರು ಉಕ್ಕನ್ನು ಸೀಳುವ ಸಂಭವ ಹೆಚ್ಚು. ಎಣ್ಣೆಯಾದರೆ ಇನ್ನೂ ಮೆದು, ನೀರಿನಷ್ಟು ವೇಗವಾಗಿ ಕಾವನ್ನು ಕಸಿಯುವುದಿಲ್ಲ. ಲಾರಿ ಸ್ಪ್ರಿಂಗಿಗೆ ಎಣ್ಣೆಯೇ ಸರಿ. ಬರಿಯ ಇಂಗಾಲದ ಉಕ್ಕಿಗೆ ಮಾತ್ರ ವೇಗ ಬೇಕು. ಸುಮಾರು ೫೪೦ ಡಿಗ್ರಿಯ ಕೆಳಕ್ಕೆ ಒಂದೇ ಸೆಕೆಂಡಿನ ಆಸುಪಾಸಿನಲ್ಲಿ ಇಳಿಯದಿದ್ದರೆ ಇಂಗಾಲ ತಪ್ಪಿಸಿಕೊಳ್ಳುತ್ತದೆ. ಉಪ್ಪು ಬೆರೆಸಿದರೆ ಉಕ್ಕಿನ ಸುತ್ತ ಕಟ್ಟುವ ಹಬೆಯ ಪೊರೆ ಬೇಗ ಒಡೆದು ವೇಗ ಮತ್ತೂ ಹೆಚ್ಚುತ್ತದೆ, ಸೀಳುವ ಭಯವೂ ಹೆಚ್ಚುತ್ತದೆ.

ಅಲಗನ್ನು ಇಡಿಯಾಗಿ ಅವನು ಅದ್ದಲಿಲ್ಲ. ಬಾಯಿಯ ಕಡೆ ಒಂದು ಅಂಗುಲ ಮಾತ್ರ ನೀರಿಗೆ ತಾಗಿಸಿ, ಒಂದೇ ಕಡೆ ಗೆರೆ ಬೀಳದಂತೆ ಮೇಲೆ ಕೆಳಗೆ ಆಡಿಸುತ್ತಿದ್ದ. ನೀರು ಚುಂಯ್‌ಗುಟ್ಟಿತು. ಆ ನಾಲ್ಕೈದು ಕ್ಷಣ ನಾವು ಕಿವಿಯಾಗಿದ್ದೆವು. 'ಟಿಣ್' ಬರಲಿಲ್ಲ. ಮೇಲೆತ್ತಿದವನೇ ಇಟ್ಟಿಗೆಯ ಚೂರಿನಿಂದ ಬಾಯಿಯನ್ನು ಉಜ್ಜಿ ಬೆಳ್ಳಗೆ ಮಾಡಿ ಸುಮ್ಮನೆ ಹಿಡಿದು ಕೂತ. ಬೆನ್ನಿನಲ್ಲಿ ಇನ್ನೂ ಉಳಿದಿದ್ದ ಕಾವು ಮೆಲ್ಲಗೆ ಬಾಯಿಯ ಕಡೆ ಹರಿಯತೊಡಗಿತು. ಬಣ್ಣಗಳು ಒಂದರ ಹಿಂದೊಂದು ಸಾಲಾಗಿ ಇಳಿದು ಬಂದವು: ಮುಂದೆ ಹಳದಿ, ಅದರ ಬೆನ್ನಿಗೆ ಕಂದು, ಅದರ ಹಿಂದೆ ನೇರಳೆ, ನೀಲಿ. ಹಳದಿ ಅಂಚನ್ನು ಮುಟ್ಟಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತಲೇ ಅಲಗು ಪೂರ್ತಿ ನೀರಿನಲ್ಲಿತ್ತು. ಒಂದೇ ಕಾವಿನಲ್ಲಿ ಬಾಯಿ ಗಡಸು, ಬೆನ್ನು ಮೆದು. ನಾವು ಪುಸ್ತಕದಲ್ಲಿ ಎರಡು ಅಧ್ಯಾಯ ಓದಿದ್ದನ್ನು ಅವನು ಒಂದು ನಿಮಿಷದೊಳಗೆ ಮುಗಿಸಿದ. ಸ್ವಲ್ಪ ಬಾಗಿತ್ತು, ಕೊರಡಿನ ಮೇಲಿಟ್ಟು ಮೆದುವಾದ ಬೆನ್ನಿಗೆ ಎರಡು ಪೆಟ್ಟು ಕೊಟ್ಟು ನೇರ ಮಾಡಿದ. ದಾರದಲ್ಲಿ ತೂಗುಬಿಟ್ಟು ಮೊಳೆಯಿಂದ ತಟ್ಟಿದ. ಗಂಟೆಯ ಹಾಗೆ ದನಿ ಬಂತು. ಸೀಳಿದ್ದರೆ ಒಡಕು ದನಿ. ಅರವನ್ನು ಬಾಯಿಯ ಮೇಲೆ ಎಳೆದರೆ ಕಚ್ಚಲಿಲ್ಲ, ಹೆಚ್ಚುಕಡಿಮೆ ಜಾರಿತು. ಇಷ್ಟಕ್ಕೆಲ್ಲ ಅವನು ಕೇಳಿದ್ದು ಒಬ್ಬರ ಹೋಟೆಲ್ ಊಟಕ್ಕಿಂತ ಕಡಿಮೆ. ನಾವು ಚೌಕಾಶಿ ಮಾಡಲಿಲ್ಲವೆಂದು ಅವನ ಹೆಂಡತಿಗೆ ಸಂಶಯವೇ ಬಂತು.

ಅಜ್ಜಿ ಮರುದಿನ ಬಾಳೆದಿಂಡು ತರಿಸಿ ಹೆಚ್ಚಿ ನೋಡಿ, "ಈಗ ಹೇಳಿದ ಮಾತು ಕೇಳುತ್ತದೆ" ಎಂದರು. ಹಳೆಯ ಮೊಂಡುತನಕ್ಕೆ ಒಗ್ಗಿಹೋಗಿದ್ದ ಸೊಸೆ ಮಾತ್ರ ಎರಡು ದಿನ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು.

ಪಾಯನದ ಮಾತು ಬಂದದ್ದರಿಂದ ಒಂದು ಹಳೆಯ ಸಂಗತಿ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯ ಖಡ್ಗಲಕ್ಷಣದಲ್ಲಿ ಕತ್ತಿಗೆ ಏನೇನು ಕುಡಿಸಬೇಕೆಂದು ಪಟ್ಟಿ ಕೊಡುತ್ತಾನೆ. ಐಶ್ವರ್ಯ ಬೇಕಾದವನಿಗೆ ರಕ್ತ, ಗುಣವಂತ ಮಗ ಬೇಕಾದವನಿಗೆ ತುಪ್ಪ, ಮತ್ತೆ ಕುದುರೆ, ಒಂಟೆ, ಆನೆಗಳ ಹಾಲು ಎಂದೆಲ್ಲ ಇದೆ. ಇವು ನಮ್ಮ ಬುದ್ಧಿಗೆ ನಿಲುಕುವುದಿಲ್ಲ. ಒಂಟೆಯ ಹಾಲು ಮಂಡಿಯಲ್ಲಿ ಸಿಗುವುದೂ ಇಲ್ಲ. ಆದರೆ ಬಾಳೆಯ ಕ್ಷಾರವನ್ನು ಮಜ್ಜಿಗೆಯಲ್ಲಿ ಬೆರೆಸಿ ಒಂದು ದಿನ ಇಟ್ಟು ಕುಡಿಸಿದ ಉಕ್ಕಿನ ಬಗ್ಗೆ ಅವನು ಹೇಳುವ ಫಲ ಮಾತ್ರ ಕಮ್ಮಾರನ ಮಾತೇ: ಕಲ್ಲಿಗೆ ಬಡಿದರೆ ಮುರಿಯದು, ಬೇರೆ ಲೋಹಕ್ಕೆ ತಾಗಿದರೆ ಮೊಂಡಾಗದು. ಮುರಿಯಬಾರದೆಂದರೆ ಮೆದುವಾಗಬೇಕು, ಮೊಂಡಾಗಬಾರದೆಂದರೆ ಗಡಸಾಗಬೇಕು. ಒಂದಕ್ಕೊಂದು ವಿರೋಧವಾದ ಈ ಎರಡು ಬೇಡಿಕೆಗಳನ್ನು ಒಂದೇ ಅಲಗಿನಲ್ಲಿ ತೀರಿಸುವುದೇ ಈ ವಿದ್ಯೆಯ ಇಡೀ ಕಷ್ಟ. ಅಜ್ಜಿಯ ಮೆಟ್ಟುಗತ್ತಿಯಲ್ಲಿ ಲೋಹಾರ ತೀರಿಸಿದ್ದೂ ಅವನ್ನೇ.

ಕೈಯಾರೆ ಮಾಡಿ ನೋಡುವ ಹುಮ್ಮಸ್ಸಿನ ತರುಣರಿಗೆ ಕೆಲವು ಮಾತು. ಹಳೆಯ ಅರದಿಂದ ಚಾಕು ಮಾಡುವುದು ಒಳ್ಳೆಯ ಆರಂಭ. ಆದರೆ ಕೆಲವು ಅರಗಳು ಮೇಲ್ಮೈ ಮಾತ್ರ ಗಡಸಾದ ಮೆತುಕಬ್ಬಿಣದವು, ಮೊದಲು ಒಂದು ಚೂರು ಕಾಸಿ ಅದ್ದಿ ಮುರಿದು ನೋಡಿ. ಅದ್ದಿದ ಮೇಲೆ ಹದ ಇಳಿಸುವುದನ್ನು ನಾಳೆಗೆಂದು ಇಡಬೇಡಿ. ಬಿಗುವಿನಲ್ಲಿರುವ ಉಕ್ಕು ರಾತ್ರಿಯಲ್ಲಿ ತಾನೇ ಸೀಳಿದ್ದುಂಟು. ಮನೆಯ ವಿದ್ಯುತ್ ಓವನ್ನಿನಲ್ಲಿ ೨೦೦ ಡಿಗ್ರಿಗೆ ಒಂದೊಂದು ಗಂಟೆಯಂತೆ ಎರಡು ಸಲ ಇಟ್ಟರೆ ಹಳದಿ ಬಣ್ಣದ ಹದ ಸಿಗುತ್ತದೆ. ಓವನ್ನಿನ ಮುಳ್ಳನ್ನು ನಂಬದೆ ಬೇರೆ ಉಷ್ಣಮಾಪಕ ಇಡುವುದು ಮೇಲು. ಎಣ್ಣೆಗದ್ದುವವರು ಮುಚ್ಚಳವುಳ್ಳ ಲೋಹದ ಡಬ್ಬಿಯನ್ನೇ ಬಳಸಬೇಕು. ಎಣ್ಣೆ ಹತ್ತಿಕೊಂಡರೆ ಮುಚ್ಚಳ ಮುಚ್ಚಬೇಕೇ ಹೊರತು ನೀರು ಸುರಿಯಬಾರದು. ಸತುವಿನ ಲೇಪವಿರುವ ಕಬ್ಬಿಣವನ್ನು ಬೆಂಕಿಗೆ ಹಾಕಲೇಬಾರದು, ಅದರ ಹೊಗೆ ವಿಷ.

ಇನ್ನು ಏನನ್ನೂ ಮಾಡದೆ ಇರುವ ಕತ್ತಿಯನ್ನು ಉಳಿಸಿಕೊಳ್ಳುವವರಿಗೆ: ಬೀದಿಯ ಸಾಣೆಯವನಿಗೆ ಕೊಡುವಾಗ ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟು, ಎರಡೆರಡು ಸಲ ಎಳೆದ ಮೇಲೆ ಅದ್ದಲು ಹೇಳಿ. ಬೆರಳಿಗೆ ಸುಡುವಷ್ಟು ಕಾದರೆ ನಿಲ್ಲಿಸಿ. ನೀಲಿ ಕಂಡದ್ದು ಕೂದಲಿನಷ್ಟು ಕಿರಿದಾಗಿದ್ದರೆ ಮನೆಯ ಕಲ್ಲಿನಲ್ಲಿ ನೀರು ಹಾಕಿ ಅಷ್ಟನ್ನು ತೇಯ್ದು ತೆಗೆಯಬಹುದು; ಅಗಲವಾಗಿದ್ದರೆ ಲೋಹಾರನ ಬಳಿಗೇ ಹೋಗಬೇಕು. ಕತ್ತಿಯನ್ನು ಗ್ಯಾಸಿನ ಉರಿಗೆ ಹಿಡಿಯುವುದು, ಬಿಸಿ ಮಾಡಿ ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆಯುವುದು ಬೇಡ. ನಿಂಬೆ, ಹುಣಿಸೆ ತಾಗಿ ಬರುವ ಕಪ್ಪನ್ನು ತಿಕ್ಕಿ ತಿಕ್ಕಿ ತೆಗೆಯಬೇಕಾಗಿಲ್ಲ, ಕೆಂಪು ತುಕ್ಕನ್ನು ಮಾತ್ರ ತೆಗೆಯಿರಿ. ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿಡಿ; ದೆಹಲಿಯ ಚಳಿಗೆ ಅದು ಗಡ್ಡೆ ಕಟ್ಟಿದ್ದರೆ ಸಾಸಿವೆ ಎಣ್ಣೆಯೂ ಆದೀತು. ತುರಿಮಣೆಯ ಹಲ್ಲು ಚೂಪು ಮಾಡುವ ಬಗೆಯನ್ನು ಇಬ್ಬರು ವಾಚಕರು ಕೇಳಿದ್ದಾರೆ. ಅದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.